ಅಂಡಮಾನ್‌ನಿಂದ ತಂದ ಫೋಟೊಗಳಲ್ಲಿ ದೋಷ: ಎಲ್ಲಿ ಹುಡುಕಬೇಕು, ಹೇಗೆ ಸರಿಪಡಿಸಬೇಕು

ಅಂಡಮಾನ್ ಪ್ರವಾಸದ ಫೋಟೊಗಳಲ್ಲಿರುವ ದೋಷ ಅಲ್ಲಿದ್ದಾಗ ಕಣ್ಣಿಗೆ ಬೀಳುವುದು ಕಡಿಮೆ. ಕ್ಯಾಮೆರಾದ ಮೂರಿಂಚಿನ ಪರದೆಯಲ್ಲಿ, ಅದೂ ಕಣ್ಣು ಕುಕ್ಕುವ ಬಿಸಿಲಿನಲ್ಲಿ, ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಊರಿಗೆ ಬಂದು ದೊಡ್ಡ ಪರದೆಯಲ್ಲಿ ತೆರೆದಾಗ ರಾಧಾನಗರ ಕಡಲತೀರದ ಆಕಾಶದಲ್ಲಿ ಕಪ್ಪು ಚುಕ್ಕೆ, ಕಾಲಾಪತ್ಥರ್‌ನ ಸೂರ್ಯೋದಯದ ಮೇಲೆ ಬಿಳಿ ಮಸುಕು, ಎಲಿಫೆಂಟ್ ಬೀಚ್‌ನ ಹವಳದ ಮೇಲೆ ಹಸಿರು ಛಾಯೆ ಕಾಣುತ್ತವೆ. ಕೆಲವರ ಕಾರ್ಡಂತೂ ತೆರೆಯುವುದೇ ಇಲ್ಲ.

ಒಂದೇ ಬಗೆಯ ಮಸುಕಿಗೆ ನಾಲ್ಕೈದು ಕಾರಣಗಳಿರಬಹುದು, ಒಂದಕ್ಕೆ ಮದ್ದಾದದ್ದು ಇನ್ನೊಂದನ್ನು ಹಾಳುಮಾಡಬಹುದು. ಉಪ್ಪು ಕೂತ ಗಾಜನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಓದದ ಕಾರ್ಡನ್ನು 'ರಿಪೇರಿ' ಮಾಡಹೊರಟರೆ ಉಳಿದಿದ್ದ ಚಿತ್ರವೂ ಅಳಿಯುತ್ತದೆ. ಆದ್ದರಿಂದ ಮೊದಲು ಪತ್ತೆ, ಆಮೇಲೆ ಚಿಕಿತ್ಸೆ. ಪತ್ತೆಗೂ ಮುಂಚೆ, ಓದಲು ಬರುವ ಎಲ್ಲ ಫೈಲುಗಳನ್ನೂ ಎರಡು ಬೇರೆ ಬೇರೆ ಕಡೆ ನಕಲು ಮಾಡಿಕೊಳ್ಳಿ. ಒಂದು ಕಂಪ್ಯೂಟರ್‌ನಲ್ಲಿರಲಿ, ಇನ್ನೊಂದು ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ. ತಪಾಸಣೆ ಮುಗಿಯುವ ತನಕ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ.

ಮೂರು ಪ್ರಶ್ನೆಗಳು

ದೋಷ ಎಲ್ಲ ಫೋಟೊಗಳಲ್ಲೂ ಒಂದೇ ಜಾಗದಲ್ಲಿದೆಯೇ? ಹೌದಾದರೆ ಅದು ಸೆನ್ಸರ್‌ಗೆ (ಲೆನ್ಸ್ ಹಿಂದೆ ಚಿತ್ರ ಹಿಡಿಯುವ ಚಿಪ್) ಅಥವಾ ಲೆನ್ಸ್‌ಗೆ ಅಂಟಿದ್ದು. ಜಾಗ ಬದಲಾಗುತ್ತಿದ್ದರೆ ಗಾಳಿಯಲ್ಲೋ ನೀರಿನಲ್ಲೋ ಇದ್ದದ್ದು, ಇಲ್ಲವೇ ಬೆಳಕಿನ ಕೋನದಿಂದ ಆದದ್ದು.

ಅಪರ್ಚರ್ (ಲೆನ್ಸ್‌ನೊಳಗೆ ಬೆಳಕು ಹಾಯುವ ಕಿಂಡಿ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿರಿದು) ಬದಲಾದಾಗ ದೋಷವೂ ಬದಲಾಗುತ್ತದೆಯೇ? ಎಫ್ 16ರಲ್ಲಿ ಎದ್ದು ಕಾಣುವ ಚುಕ್ಕೆ ಎಫ್ 2.8ರಲ್ಲಿ ಮಾಯವಾದರೆ ಅದು ಸೆನ್ಸರ್ ಮೇಲಿನ ದೂಳು. ಎಲ್ಲ ಅಪರ್ಚರ್‌ಗಳಲ್ಲೂ ಹಾಲು ಚೆಲ್ಲಿದಂಥ ಮಬ್ಬು ಇದ್ದರೆ ಲೆನ್ಸ್‌ನ ಗಾಜನ್ನು ನೋಡಬೇಕು.

ಕಾರ್ಡಿನಲ್ಲಿರುವ ಮೂಲ ಫೈಲಿನಲ್ಲೂ ದೋಷ ಇದೆಯೇ, ಅಥವಾ ನಕಲಿನಲ್ಲಿ ಮಾತ್ರವೇ? ಎಷ್ಟೋ ಬಾರಿ ಕ್ಯಾಮೆರಾದ ತಪ್ಪೇ ಇರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಗುಣಮಟ್ಟದಲ್ಲಿ ಬಂದ ಫೋಟೊದ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರುತ್ತದೆ. ಅದನ್ನು 12 ಇಂಚಿನ ಪ್ರಿಂಟ್ ಹಾಕಿಸಿದರೆ ಇಂಚಿಗೆ 130 ಪಿಕ್ಸೆಲ್ ಮಾತ್ರ ಸಿಗುತ್ತದೆ, ಒಳ್ಳೆಯ ಪ್ರಿಂಟಿಗೆ ಬೇಕಾದದ್ದು 300ರ ಹತ್ತಿರ. ಜೊತೆಗೆ ಬಂದವರ ಫೋನಿನಲ್ಲಿದ್ದ ಚಿತ್ರಗಳನ್ನು ಕೇಳುವಾಗ 'ಡಾಕ್ಯುಮೆಂಟ್' ಆಗಿಯೇ ಕಳಿಸಲು ಹೇಳಿ, ಮೂಲ ಹಾಗೇ ಬರುತ್ತದೆ.

ಕಾರ್ಡ್ ತೆರೆಯುತ್ತಿಲ್ಲ, ಫೋಟೊ ಕಾಣುತ್ತಿಲ್ಲ

ಬೇರೆ ದೋಷಗಳು ಕಾಯುತ್ತವೆ, ಇದು ಕಾಯುವುದಿಲ್ಲ. ಕಾರ್ಡ್ ಕ್ಯಾಮೆರಾದಲ್ಲೇ ಇದ್ದರೆ ಇನ್ನೊಂದೂ ಫೋಟೊ ತೆಗೆಯದೆ ಹೊರತೆಗೆಯಿರಿ. ಎಸ್‌ಡಿ ಕಾರ್ಡಿನ ಪಕ್ಕದಲ್ಲಿರುವ ಸಣ್ಣ ಗುಂಡಿಯನ್ನು ಲಾಕ್ ಕಡೆಗೆ ಸರಿಸಿ. ಮೈಕ್ರೋ ಎಸ್‌ಡಿಯಲ್ಲಿ ಆ ಗುಂಡಿ ಇರುವುದಿಲ್ಲ, ಅದನ್ನು ಹಾಕುವ ಅಡಾಪ್ಟರ್‌ನಲ್ಲಿ ಇರುತ್ತದೆ.

ಕಂಪ್ಯೂಟರ್‌ಗೆ ಹಾಕಿದಾಗ 'ಫಾರ್ಮ್ಯಾಟ್ ಮಾಡಬೇಕೆ' ಎಂಬ ಸಂದೇಶ ಬಂದರೆ ಬೇಡ ಎನ್ನಿ. 64 ಜಿಬಿ ಮತ್ತು ಮೇಲಿನ ಕಾರ್ಡುಗಳು ಎಕ್ಸ್‌ಫ್ಯಾಟ್ ಎಂಬ ಫೈಲ್ ಜೋಡಣೆಯ ವ್ಯವಸ್ಥೆಯಲ್ಲಿ ಇರುತ್ತವೆ, 32 ಜಿಬಿ ತನಕದವು ಫ್ಯಾಟ್32ರಲ್ಲಿ. ಹಳೆಯ ಕಾರ್ಡ್ ರೀಡರ್‌ಗೆ ದೊಡ್ಡ ಕಾರ್ಡ್ ಅರ್ಥವಾಗದಿದ್ದರೂ ಇದೇ ಸಂದೇಶ ಬರುತ್ತದೆ, ಕಾರ್ಡಿನಲ್ಲಿ ಏನೂ ಕೆಟ್ಟಿರುವುದಿಲ್ಲ. ಮೊದಲು ಬೇರೆ ರೀಡರ್, ಬೇರೆ ಯುಎಸ್‌ಬಿ ಕಿಂಡಿ, ಬೇರೆ ಕಂಪ್ಯೂಟರ್ ಪ್ರಯತ್ನಿಸಿ. ಆಮೇಲೆ ಕಾರ್ಡಿನ ಚಿನ್ನದ ಬಣ್ಣದ ಪಟ್ಟಿಗಳನ್ನು ಭೂತಗನ್ನಡಿಯಲ್ಲಿ ನೋಡಿ. ಕಡಲಗಾಳಿಯ ಉಪ್ಪು ಕೂತಿದ್ದರೆ ಬೆಳ್ಳಗಿನ ಪೊರೆಯೋ ಹಸಿರು ಕಲೆಯೋ ಕಾಣುತ್ತದೆ. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ, ಪಟ್ಟಿಯ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ ನೋಡಿ.

ಇಷ್ಟಾದರೂ ತೆರೆಯದಿದ್ದರೆ ಕಾರ್ಡಿನ ಮೇಲೆ ನೇರ ಕೆಲಸ ಬೇಡ. ವಿಂಡೋಸ್‌ನ ಡಿಸ್ಕ್ ತಪಾಸಣೆ ಸೌಲಭ್ಯ ತಾನು ಕಂಡ 'ತಪ್ಪು'ಗಳನ್ನು ಕಾರ್ಡಿನ ಮೇಲೆಯೇ ಬರೆದು ತಿದ್ದುತ್ತದೆ, ಆ ಭರದಲ್ಲಿ ಫೋಟೊಗಳ ಜಾಡು ಅಳಿಸಿಹೋಗಬಹುದು. ಇಡೀ ಕಾರ್ಡಿನ ಇಮೇಜ್ ಫೈಲ್ (ಕಾರ್ಡಿನಲ್ಲಿರುವುದೆಲ್ಲದರ ಯಥಾವತ್ ಪ್ರತಿ) ಒಂದನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡು, ಆ ಇಮೇಜ್ ಮೇಲೆ ಫೋಟೊರೆಕ್‌ನಂಥ ಉಚಿತ ತಂತ್ರಾಂಶ ಓಡಿಸಿ. ಸಿಕ್ಕ ಚಿತ್ರಗಳನ್ನು ಬೇರೆ ಡಿಸ್ಕ್‌ಗೆ ಉಳಿಸಿ, ಅದೇ ಕಾರ್ಡಿಗೆ ಎಂದಿಗೂ ಬೇಡ. ಫೋಟೊರೆಕ್ ಫೈಲಿನ ಹೆಸರುಗಳನ್ನು ಉಳಿಸುವುದಿಲ್ಲ, ಚಿತ್ರಗಳು ಬೇರೆ ಹೆಸರಿನಲ್ಲಿ ಬರುತ್ತವೆ. ಆದರೆ ತೆಗೆದ ಸಮಯ ಚಿತ್ರದೊಳಗೇ ಇರುವುದರಿಂದ ಸಾಲಾಗಿ ಜೋಡಿಸಿಕೊಳ್ಳಬಹುದು. ಯಾವ ರೀಡರ್‌ಗೂ ಕಾರ್ಡ್ ಇರುವುದೇ ಗೊತ್ತಾಗದಿದ್ದರೆ ಒಳಗಿನ ನಿಯಂತ್ರಕ ಚಿಪ್ ಹೋಗಿರುತ್ತದೆ. ಅಲ್ಲಿ ಮನೆಯ ತಂತ್ರಾಂಶ ನಡೆಯುವುದಿಲ್ಲ, ದತ್ತಾಂಶ ಮರುಪಡೆಯುವ ಪ್ರಯೋಗಾಲಯಕ್ಕೇ ಕೊಡಬೇಕು.

ಚಿತ್ರದ ಮೇಲರ್ಧ ಸರಿಯಿದ್ದು ಕೆಳಗರ್ಧ ಬೂದು ಬಣ್ಣಕ್ಕೆ ತಿರುಗಿದ್ದರೆ ಫೈಲ್ ನಡುವೆ ತುಂಡಾಗಿದೆ. ಕಾರ್ಡಿನಲ್ಲಿರುವ ಮೂಲದ ಗಾತ್ರವನ್ನೂ ನಕಲಿನ ಗಾತ್ರವನ್ನೂ ಹೋಲಿಸಿ. ನಕಲು ಚಿಕ್ಕದಾಗಿದ್ದರೆ ಮತ್ತೆ ನಕಲಿಸಿದರೆ ಸಾಕು. ಮೂಲವೇ ತುಂಡಾಗಿದ್ದು, ನೀವು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ದತ್ತಾಂಶ) ತೆಗೆದಿದ್ದರೆ, ಅದರೊಳಗೆ ಒಂದು ಜೆಪೆಗ್ ಮುನ್ನೋಟವೂ ಇರುತ್ತದೆ. ಅನೇಕ ಬಾರಿ ಅದು ಪೂರ್ತಿ ಉಳಿದಿರುತ್ತದೆ, ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಿಂದ ಹೊರತೆಗೆಯಬಹುದು.

ಆ್ಯಕ್ಷನ್ ಕ್ಯಾಮೆರಾದ ಕೊನೆಯ ವಿಡಿಯೊ ಮಾತ್ರ ತೆರೆಯದಿದ್ದರೆ ಚಿತ್ರೀಕರಣದ ನಡುವೆ ಬ್ಯಾಟರಿ ತೀರಿರಬೇಕು. ವಿಡಿಯೊದ ಸೂಚಿ ಕೊನೆಯಲ್ಲಿ ಬರೆಯಲ್ಪಡುತ್ತದೆ, ಅದು ಇಲ್ಲದೆ ಪ್ಲೇಯರ್‌ಗೆ ಫೈಲ್ ಅರ್ಥವಾಗದು. ಪೂರ್ತಿ ಚಾರ್ಜ್ ಆದ ಬ್ಯಾಟರಿಯೊಂದಿಗೆ ಕಾರ್ಡನ್ನು ಅದೇ ಕ್ಯಾಮೆರಾಗೆ ಮತ್ತೆ ಹಾಕಿ. ಗೋಪ್ರೊದಂಥವು ತಾವೇ ದುರಸ್ತಿಗೆ ತೊಡಗುತ್ತವೆ. ಇಲ್ಲವಾದರೆ ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಒಂದು ಸರಿಯಾದ ವಿಡಿಯೊವನ್ನು ಮಾದರಿಯಾಗಿ ಕೊಟ್ಟು ಅನ್‌ಟ್ರಂಕ್ ತಂತ್ರಾಂಶದಿಂದ ಸೂಚಿಯನ್ನು ಮತ್ತೆ ಕಟ್ಟಬಹುದು.

ಫೋನಿನಲ್ಲಿ ಕೈತಪ್ಪಿ ಅಳಿಸಿದ್ದರೆ ಗಾಬರಿ ಬೇಡ, ದಿನ ಎಣಿಸಿ. ಐಫೋನ್‌ನ ಅಳಿಸಿದ ಚಿತ್ರಗಳ ಆಲ್ಬಮ್‌ನಲ್ಲಿ 30 ದಿನ ಇರುತ್ತವೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದದ್ದಾದರೆ ಕಸದ ಬುಟ್ಟಿಯಲ್ಲಿ 60 ದಿನ, ಆಗಿರದಿದ್ದರೆ 30 ದಿನ. ಚೆನ್ನೈನಿಂದ ದ್ವೀಪಗಳಿಗೆ ಸಮುದ್ರದಡಿಯ ಕೇಬಲ್ 2020ರ ಆಗಸ್ಟ್‌ನಲ್ಲಿ ಬಂದಮೇಲೆ ಅಂಡಮಾನ್‌ನ ಇಂಟರ್ನೆಟ್ ಬಹಳ ಸುಧಾರಿಸಿದೆ. ಆದರೂ ಕಡಲತೀರಗಳಲ್ಲಿ ಸಿಗ್ನಲ್ ಬಿಟ್ಟುಬಿಟ್ಟು ಬರುತ್ತದೆ. ಬ್ಯಾಕಪ್ ಆಗಿದೆ ಎಂಬ ಭರವಸೆಯ ಮೇಲೆ ಫೋನಿನ ಜಾಗ ಖಾಲಿ ಮಾಡುವ ಮುನ್ನ ಒಂದೊಂದು ದಿನದ ಚಿತ್ರಗಳನ್ನೂ ತೆರೆದು ನೋಡಿ.

ಬಿಳಿ ಮಸುಕು: ಮಂಜೋ, ಉಪ್ಪೋ, ಬೂಷ್ಟೋ

ಬೆಳಗಿನ ಮೊದಲ ಹತ್ತಿಪ್ಪತ್ತು ಫೋಟೊಗಳು ಮಸುಕಾಗಿದ್ದು, ಆಮೇಲಿನವು ತಾವಾಗಿಯೇ ಸ್ವಚ್ಛವಾಗಿದ್ದರೆ ಅದು ಮಂಜು. ತಣ್ಣೀರು ತುಂಬಿದ ಹಿತ್ತಾಳೆ ತಂಬಿಗೆಯ ಹೊರಮೈ ಬೆವರುವ ಹಾಗೆ ಲೆನ್ಸ್ ಬೆವರಿದೆ. ಹೊರಗೆ 30 ಡಿಗ್ರಿ ಸೆಲ್ಸಿಯಸ್, ತೇವಾಂಶ 80 ಶೇಕಡಾ ಇದ್ದಾಗ ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ನೀರು ಕಟ್ಟುತ್ತದೆ. ರಾತ್ರಿಯಿಡೀ 22 ಡಿಗ್ರಿಯ ಎಸಿ ಕೋಣೆಯಲ್ಲಿದ್ದ ಕ್ಯಾಮೆರಾ ಈ ಗಡಿಗಿಂತ ಕೆಳಗೇ ಇದೆ. ದ್ವೀಪದಿಂದ ದ್ವೀಪಕ್ಕೆ ಹೋಗುವ ಎಸಿ ದೋಣಿಯಿಂದ ಜೆಟ್ಟಿಗೆ ಇಳಿದಾಗಲೂ ಇದೇ ಆಗುತ್ತದೆ.

ಪ್ರವಾಸ ಇನ್ನೂ ನಡೆಯುತ್ತಿದ್ದರೆ ಪರಿಹಾರ ಸುಲಭ. ಕೋಣೆಯೊಳಗೇ ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಹಾಕಿ, ಗಾಳಿ ಹಿಂಡಿ, ಬಿಗಿಯಾಗಿ ಮುಚ್ಚಿ, ಆಮೇಲೆ ಹೊರಗೆ ತನ್ನಿ. ಹೊರಗಿನ ತೇವ ಚೀಲದ ಮೇಲೆ ಕೂರುತ್ತದೆ, ಗಾಜಿನ ಮೇಲಲ್ಲ. ಸಣ್ಣ ಕ್ಯಾಮೆರಾಗೆ ಅರ್ಧ ಗಂಟೆ, ದೊಡ್ಡ ಲೆನ್ಸ್‌ಗೆ ಒಂದು ಗಂಟೆ ಬಿಡಿ. ಮಂಜು ಕಟ್ಟಿರುವಾಗ ಲೆನ್ಸ್ ಬಿಚ್ಚಲೇಬೇಡಿ, ತೇವದ ಗಾಳಿ ನೇರವಾಗಿ ಸೆನ್ಸರ್ ಮೇಲೆ ಹೋಗುತ್ತದೆ. ಹೇರ್ ಡ್ರೈಯರ್ ಕೂಡ ಬೇಡ. ಅದು ಆವಿಯನ್ನು ಒಳಕ್ಕೆ ತಳ್ಳುತ್ತದೆ, ಲೆನ್ಸ್‌ನ ಗ್ರೀಸನ್ನು ಕರಗಿಸುತ್ತದೆ. ತೆಗೆದಾಗಿರುವ ಮಂಜಿನ ಚಿತ್ರಕ್ಕೆ ಎಡಿಟಿಂಗ್‌ನಲ್ಲಿ ಡೀಹೇಜ್ (ಮಸುಕು ತೆಗೆಯುವ) ಮತ್ತು ಬ್ಲ್ಯಾಕ್ಸ್ (ಕಪ್ಪನ್ನು ಗಾಢವಾಗಿಸುವ) ಹೊಂದಿಕೆಗಳು ಸ್ವಲ್ಪ ನೆರವಾಗುತ್ತವೆ. ಅಂಚು ಕರಗಿಹೋಗಿದ್ದರೆ ಮಾತ್ರ ಅದನ್ನು ಮರಳಿ ತರಲಾಗದು.

ಮಸುಕು ದಿನವಿಡೀ ಇದ್ದು, ಸೂರ್ಯನಿಗೆ ಎದುರಾಗಿ ತೆಗೆದ ಚಿತ್ರಗಳಲ್ಲಿ ಹೆಚ್ಚಾಗಿ, ರಾತ್ರಿಯ ದೀಪಗಳ ಸುತ್ತ ಪ್ರಭಾವಳಿಯಾಗಿ ಕಾಣುತ್ತಿದ್ದರೆ ಮುಂದಿನ ಗಾಜಿನ ಮೇಲೆ ಉಪ್ಪಿನ ಪೊರೆ ಇದೆ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿದರೆ ಸಣ್ಣ ಸಣ್ಣ ವೃತ್ತಗಳ ಗುರುತು ಕಾಣುತ್ತದೆ. ಇಲ್ಲಿ ಒರೆಸುವ ಅನುಕ್ರಮವೇ ಮುಖ್ಯ. ಮೊದಲು ರಬ್ಬರ್ ಬ್ಲೋವರ್‌ನಿಂದ ಮರಳಿನ ಕಣ ಹಾರಿಸಿ, ಬಾಯಿಯಿಂದ ಊದಬೇಡಿ. ಬಳಿಕ ಮೈಕ್ರೋಫೈಬರ್ ಬಟ್ಟೆಯ ಮೂಲೆಗೆ ಎರಡು ಹನಿ ಡಿಸ್ಟಿಲ್ಡ್ ನೀರು ಹಾಕಿ, ಒತ್ತದೆ, ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಿ. ಕೊನೆಯಲ್ಲಿ ಲೆನ್ಸ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್. ಬಹುತೇಕರು ನೇರವಾಗಿ ಕ್ಲೀನರ್ ಹಾಕುತ್ತಾರೆ. ಉಪ್ಪು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಆಲ್ಕೊಹಾಲ್‌ನಲ್ಲಿ ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಆಲ್ಕೊಹಾಲ್ ಆರಿದ ಮೇಲೆ ಅದೇ ಹರಳುಗಳು ಬಟ್ಟೆಯಡಿ ಉರುಳಿ ಲೇಪನವನ್ನು ಗೀರುತ್ತವೆ. ದ್ರವವನ್ನು ಯಾವಾಗಲೂ ಬಟ್ಟೆಗೆ ಹಾಕಬೇಕು. ಗಾಜಿಗೆ ಸುರಿದರೆ ಅಂಚಿನಿಂದ ಒಳಗೆ ಇಳಿಯುತ್ತದೆ. ಫೋನ್ ಕ್ಯಾಮೆರಾದಲ್ಲಿ ಇದೇ ಮಸುಕಿಗೆ ಉಪ್ಪಿನ ಜೊತೆ ಸನ್‌ಸ್ಕ್ರೀನ್ ಜಿಡ್ಡೂ ಕಾರಣವಾಗಿರುತ್ತದೆ, ಕ್ರಮ ಮಾತ್ರ ಅದೇ.

ಮೂರನೆಯದು ಬೂಷ್ಟು. ಅದು ವಾರಗಟ್ಟಲೆ ತಡವಾಗಿ ಬರುವುದರಿಂದ ಕೊನೆಯಲ್ಲಿ ಬರೆದಿದೆ.

ಆಕಾಶದಲ್ಲಿ ಕಪ್ಪು ಚುಕ್ಕೆಗಳು

ಕಡಲತೀರದ ಗಾಳಿಯಲ್ಲಿ ಲೆನ್ಸ್ ಬದಲಿಸಿದವರಿಗೆ ಇದು ತಪ್ಪಿದ್ದಲ್ಲ. ಖಚಿತಪಡಿಸಿಕೊಳ್ಳಲು ಐಎಸ್‌ಒ 100, ಅಪರ್ಚರ್ ಎಫ್ 22 ಇಟ್ಟು, ಫೋಕಸ್ ಬೇಕೆಂದೇ ತಪ್ಪಿಸಿ, ಮೋಡವಿಲ್ಲದ ಆಕಾಶವನ್ನೋ ಬಿಳಿ ಗೋಡೆಯನ್ನೋ ತೆಗೆಯಿರಿ. ಕೈ ಅಲುಗಿದರೂ ಚಿಂತೆಯಿಲ್ಲ, ದೂಳು ಸೆನ್ಸರ್ ಜೊತೆಗೇ ಅಲುಗುವುದರಿಂದ ಚುಕ್ಕೆ ಸ್ಪಷ್ಟವಾಗಿಯೇ ಬೀಳುತ್ತದೆ. ಚುಕ್ಕೆಯ ಜಾಗ ಹುಡುಕುವಾಗ ಒಂದು ನೆನಪಿರಲಿ. ಕ್ಯಾಮೆರಾವನ್ನು ಎದುರಿನಿಂದ ನೋಡಿದಾಗ ಎಡಬಲ ಹಾಗೆಯೇ ಇರುತ್ತದೆ, ಮೇಲುಕೆಳಗು ತಿರುಗುಮುರುಗಾಗಿರುತ್ತದೆ. ಫೋಟೊದ ಮೇಲಿನ ಎಡಮೂಲೆಯ ಚುಕ್ಕೆ ಸೆನ್ಸರ್‌ನ ಕೆಳಗಿನ ಎಡಮೂಲೆಯಲ್ಲಿರುತ್ತದೆ.

ಮೊದಲು ಕ್ಯಾಮೆರಾದೊಳಗಿನ ಸೆನ್ಸರ್ ಕ್ಲೀನಿಂಗ್ ನಾಲ್ಕೈದು ಸಲ ಓಡಿಸಿ. ಹೋಗದಿದ್ದರೆ ಬ್ಯಾಟರಿ ತುಂಬಿಸಿ, ಕೈಯಿಂದ ಸ್ವಚ್ಛಗೊಳಿಸುವ ಮೋಡ್‌ಗೆ ಹಾಕಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಬ್ಲೋವರ್ ಒತ್ತಿ. ಒತ್ತಡದ ಗಾಳಿಯ ಡಬ್ಬಿ ಬೇಡ, ಅದರೊಳಗಿನ ದ್ರವ ಸಿಡಿದರೆ ಹೊಸ ಕಲೆ ಬೀಳುತ್ತದೆ. ಒಣ ದೂಳು ಇಷ್ಟಕ್ಕೆ ಹೋಗುತ್ತದೆ. ಚುಕ್ಕೆಯ ಸುತ್ತ ಉಂಗುರದಂಥ ಅಂಚಿದ್ದರೆ ಅದು ಒಣಗಿದ ಹನಿ, ದ್ರವ ಹಚ್ಚಿದ ಸ್ವ್ಯಾಬ್ ಬೇಕು. ಚಿಕ್ಕದಾದ ಎಪಿಎಸ್-ಸಿ ಸೆನ್ಸರ್‌ಗೆ 16 ಮಿಲಿಮೀಟರ್ ಅಗಲದ್ದು, ದೊಡ್ಡದಾದ ಫುಲ್ ಫ್ರೇಮ್ ಸೆನ್ಸರ್‌ಗೆ 24 ಮಿಲಿಮೀಟರ್‌ನದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಂದೇ ಎಳೆತ, ತಿರುಗಿಸಿ ಮತ್ತೊಂದು ಎಳೆತ, ಅಷ್ಟೇ. ಒಮ್ಮೆ ಬಳಸಿದ ಸ್ವ್ಯಾಬ್ ಮತ್ತೆ ಬಳಸುವಂತಿಲ್ಲ. ಅಭ್ಯಾಸವಿಲ್ಲದಿದ್ದರೆ ಸರ್ವಿಸ್ ಕೇಂದ್ರಕ್ಕೇ ಕೊಡುವುದು ಒಳ್ಳೆಯದು.

ತೆಗೆದ ಚಿತ್ರಗಳಲ್ಲಿ ಒಂದರ ಚುಕ್ಕೆಯನ್ನು ತಿದ್ದಿ, ಆ ತಿದ್ದುಪಡಿಯನ್ನು ಉಳಿದವಕ್ಕೆ ಒಟ್ಟಿಗೆ ನಕಲಿಸಬಹುದು. ಚುಕ್ಕೆಯ ಜಾಗ ಬದಲಾಗುವುದಿಲ್ಲವಲ್ಲ. ಅಡ್ಡ ಚಿತ್ರಗಳನ್ನೂ ಉದ್ದ ಚಿತ್ರಗಳನ್ನೂ ಬೇರೆ ಬೇರೆ ಗುಂಪು ಮಾಡಿಕೊಂಡರೆ ಆಮೇಲೆ ಪರಿಶೀಲಿಸುವುದು ಸುಲಭ.

ಝೂಮ್ ತಿರುಗಿಸಿದಾಗ ಕರಕರ ಸದ್ದು

ಮರಳು ಹೊಕ್ಕಿದೆ. ಮತ್ತೆ ತಿರುಗಿಸಿ ಪರೀಕ್ಷಿಸಬೇಡಿ, ಪ್ರತಿ ತಿರುವಿಗೂ ಕಣ ಒಳಕ್ಕೆ ಸರಿಯುತ್ತದೆ. ಲೆನ್ಸನ್ನು ಕೆಳಮುಖವಾಗಿ ಹಿಡಿದು, ಉಂಗುರದ ಸಂದಿಗೆ ಬ್ಲೋವರ್ ಹಿಡಿದು ಸುತ್ತಲೂ ಊದಿ, ಮೆತ್ತನೆಯ ಒಣ ಬ್ರಷ್‌ನಿಂದ ಸಂದಿಯ ಉದ್ದಕ್ಕೆ ಬಾಚಿ. ಸದ್ದು ಹೋಗದಿದ್ದರೆ ಬಿಚ್ಚಿಯೇ ತೊಳೆಯಬೇಕು. ಲೆನ್ಸ್ ಹೊರಚಾಚುವ ಪುಟ್ಟ ಕ್ಯಾಮೆರಾಗಳಲ್ಲಿ ಇದೇ ಮರಳಿನಿಂದ 'ಲೆನ್ಸ್ ಎರರ್' ಬಂದು ಕೊಳವೆ ಅರ್ಧದಲ್ಲೇ ನಿಲ್ಲುತ್ತದೆ. ಬಲದಿಂದ ಒಳಗೆ ತಳ್ಳಿದರೆ ಹಲ್ಲುಗಾಲಿ ಮುರಿಯುತ್ತದೆ.

ನೀರೊಳಗಿನ ಚಿತ್ರಗಳು

ಇಲ್ಲಿ ದೂರು ಹೆಚ್ಚು, ಕಾರಣವೂ ಹೆಚ್ಚು. ಎಲ್ಲವೂ ನೀಲಿ-ಹಸಿರಾಗಿರುವುದು ಕ್ಯಾಮೆರಾದ ದೋಷವಲ್ಲ. ನೀರು ಕೆಂಪು ಬೆಳಕನ್ನು ಮೊದಲು ಹೀರುತ್ತದೆ, ಸುಮಾರು 5 ಮೀಟರ್ ದಾರಿ ಕ್ರಮಿಸುವಷ್ಟರಲ್ಲಿ ಕೆಂಪು ಬಹಳಷ್ಟು ಹೋಗಿರುತ್ತದೆ, ಆಮೇಲೆ ಕಿತ್ತಳೆ, ಹಳದಿ. ದಾರಿ ಎಂದರೆ ಆಳವಷ್ಟೇ ಅಲ್ಲ. 3 ಮೀಟರ್ ಆಳದಲ್ಲಿ 3 ಮೀಟರ್ ದೂರದ ಮೀನನ್ನು ತೆಗೆದರೆ ಬೆಳಕು ಒಟ್ಟು 6 ಮೀಟರ್ ನೀರು ದಾಟಿ ಬಂದಿರುತ್ತದೆ. ಆದ್ದರಿಂದ ಒಂದು ಮೀಟರ್‌ನೊಳಗೆ ಹತ್ತಿರ ಹೋದವರ ಚಿತ್ರವೇ ಬಣ್ಣ ಉಳಿಸಿಕೊಳ್ಳುತ್ತದೆ.

ರಾ ಫೈಲ್ ಇದ್ದರೆ ಚಿತ್ರದಲ್ಲಿರುವ ಬಿಳಿ ಮರಳನ್ನೋ ಆಕ್ಸಿಜನ್ ಸಿಲಿಂಡರ್ ಎಂದು ಜನ ಕರೆಯುವ ಆ ಗಾಳಿಯ ಸಿಲಿಂಡರ್‌ನ ಬೂದು ಭಾಗವನ್ನೋ ಆಯ್ದು ವೈಟ್ ಬ್ಯಾಲೆನ್ಸ್ (ಬಣ್ಣಗಳ ಸಮತೋಲ) ತಿದ್ದಿ. ಜೆಪೆಗ್ ಮಾತ್ರ ಇದ್ದರೆ ಕೆಂಪು ಚಾನೆಲ್‌ನ ಹಿಸ್ಟೋಗ್ರಾಮ್ (ಕಪ್ಪಿನಿಂದ ಹೊಳಪಿನ ತನಕ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ. ಅದು ಎಡಗೋಡೆಗೆ ಒತ್ತಿಕೊಂಡಿದ್ದರೆ ಅಲ್ಲಿ ಎಬ್ಬಿಸಲು ಬಣ್ಣವೇ ಉಳಿದಿಲ್ಲ, ಎಬ್ಬಿಸಿದರೆ ಕಾಳುಕಾಳಾದ ಕಲೆ (ನಾಯ್ಸ್) ಮಾತ್ರ ಬರುತ್ತದೆ. ಅಂಥ ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿದರೆ ಆಕಾರಗಳು ಉಳಿಯುತ್ತವೆ. ಮುಂದಿನ ಸಲಕ್ಕೆ ಫಿಲ್ಟರ್ ಕೊಳ್ಳುವುದಾದರೆ ಅಂಡಮಾನ್‌ನ ನೀಲಿ ನೀರಿಗೆ ಕೆಂಪು ಫಿಲ್ಟರ್ ಸರಿ. ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ ನೀರು ಹಸಿರಾಗಿರುವ ದಿನಗಳಿಗೆ ಮೆಜೆಂಟಾ ಫಿಲ್ಟರ್ ಬೇಕು. ಮೇಲ್ಮೈಯ ಹತ್ತಿರ ಎರಡನ್ನೂ ತೆಗೆದಿಡಿ, ಇಲ್ಲದಿದ್ದರೆ ಮುಖ ಕೆಂಡದಂತೆ ಬರುತ್ತದೆ.

ಚಿತ್ರದ ತುಂಬ ಬಿಳಿ ಕಾಳು ಎರಚಿದಂತಿದ್ದರೆ ಫ್ಲ್ಯಾಶ್ ಉರಿದಿದೆ. ನೀರಿನಲ್ಲಿ ತೇಲುವ ಕಣಗಳು ಲೆನ್ಸ್ ಪಕ್ಕದ ಫ್ಲ್ಯಾಶ್‌ನ ಬೆಳಕನ್ನು ನೇರ ಮರಳಿಸುತ್ತವೆ. ಫ್ಲ್ಯಾಶ್ ಆರಿಸಿ, ಅಥವಾ ಅದನ್ನು ಹಿಡಿಯುವ ಬೇರೆ ತೋಳುಕಂಬಿಯ ಮೇಲೆ ಪಕ್ಕಕ್ಕೆ ದೂರ ಇಡಿ. ನಡುವಿನಲ್ಲಿ ಒಂದೇ ದುಂಡು ಮಬ್ಬಿದ್ದು ಮೊದಲ ಹತ್ತು ನಿಮಿಷದ ನಂತರ ಶುರುವಾಗಿದ್ದರೆ ಹೌಸಿಂಗ್‌ನ (ನೀರು ಹೊಗದಂತೆ ಕ್ಯಾಮೆರಾ ಹಾಕುವ ಪೆಟ್ಟಿಗೆ) ಒಳಗೆ ಮಂಜು ಕಟ್ಟಿದೆ. ದೋಣಿಯ ಮೇಲೆ ತೇವದ ಗಾಳಿಯಲ್ಲಿ ಮುಚ್ಚಿದ ಪೆಟ್ಟಿಗೆ ಅದು, ನೀರಿಗಿಳಿದೊಡನೆ ಗಾಜು ತಣಿದು ಒಳಗಿನ ತೇವ ಅದರ ಮೇಲೆ ಕೂತಿದೆ. ಎಸಿ ಕೋಣೆಯ ಒಣಗಾಳಿಯಲ್ಲೇ ಹೌಸಿಂಗ್ ಮುಚ್ಚಿ, ಒಳಗೆ ಒಂದೆರಡು ತೇವ ಹೀರುವ ಪಟ್ಟಿ ಇಟ್ಟು ಹೊರಡಿ. ಮಂಜು ತಡೆಯಲು ಎಸಿ ಕೋಣೆ ಒಂದು ಕಡೆ ಶತ್ರು, ಇಲ್ಲಿ ಮಿತ್ರ.

ಹೌಸಿಂಗ್‌ನಲ್ಲಿ ನೀರೇ ಬಂದಿದ್ದರೆ ರಬ್ಬರ್ ಓ-ರಿಂಗ್ ನೋಡಿ. ಒಂದು ತಲೆಗೂದಲು, ಒಂದು ಮರಳ ಕಣ ಸಾಕು ನೀರಿಗೆ ದಾರಿ ಮಾಡಿಕೊಡಲು. ತೆಗೆದು, ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಸಿಲಿಕೋನ್ ಗ್ರೀಸನ್ನು ಹೊಳಪು ಬರುವಷ್ಟು ಮಾತ್ರ ಸವರಿ. ಗ್ರೀಸ್ ನೀರನ್ನು ತಡೆಯುವುದಿಲ್ಲ, ಉಂಗುರ ಸರಿಯಾಗಿ ಕೂರಲು ನೆರವಾಗುತ್ತದೆ. ಹೆಚ್ಚು ಹಚ್ಚಿದರೆ ಮರಳೇ ಅಂಟಿಕೊಳ್ಳುತ್ತದೆ. ಕ್ಯಾಮೆರಾ ಬದಲು ಒಳಗೆ ಟಿಶ್ಯೂ ಕಾಗದ ಹಾಕಿ ಅರ್ಧ ಗಂಟೆ ಬಕೆಟ್ ನೀರಿನಲ್ಲಿ ಮುಳುಗಿಸಿ ಪರೀಕ್ಷಿಸಿ. ಸಮುದ್ರದಿಂದ ಬಂದಮೇಲೆ ಹೌಸಿಂಗ್ ಮುಚ್ಚಿದ್ದಂತೆಯೇ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಗುಂಡಿಗಳನ್ನು ನೀರೊಳಗೇ ಹತ್ತಾರು ಸಲ ಒತ್ತಿ. ಇಲ್ಲದಿದ್ದರೆ ಉಪ್ಪು ಒಣಗಿ ಗುಂಡಿ ಬಿಗಿಯುತ್ತದೆ.

ಐಪಿ68 ಎಂದು ಬರೆದಿರುವ ಫೋನ್ ಸಮುದ್ರದಲ್ಲಿ ಕೆಟ್ಟಿತು ಎಂಬ ದೂರಿಗೆ ಉತ್ತರ ಆ ಪರೀಕ್ಷೆಯಲ್ಲೇ ಇದೆ. ಅದು ಸಿಹಿನೀರಿನಲ್ಲಿ, ತಯಾರಕರು ಹೇಳಿದ ಆಳ ಮತ್ತು ಅವಧಿಗೆ ಮಾಡಿದ ಪರೀಕ್ಷೆ, ಅನೇಕ ಫೋನುಗಳಿಗೆ 1.5 ಮೀಟರ್, 30 ನಿಮಿಷ. ಉಪ್ಪುನೀರಿಗೆ ಅದು ಅನ್ವಯಿಸದು. ಬಿದ್ದಿದ್ದರೆ ಆರಿಸಿ, ಸಿಹಿನೀರಿನಲ್ಲಿ ತೊಳೆದು, ಚಾರ್ಜಿಂಗ್ ಕಿಂಡಿ ಪೂರ್ತಿ ಒಣಗುವ ತನಕ ಚಾರ್ಜ್‌ಗೆ ಹಾಕಬೇಡಿ. ತೇವದಲ್ಲಿ ವಿದ್ಯುತ್ ಹರಿದಾಗ ಪಿನ್ನುಗಳು ಬೇಗ ಕೊರೆದುಹೋಗುತ್ತವೆ. ನೀರುನಿರೋಧಕವಲ್ಲದ ಕ್ಯಾಮೆರಾ ಬಿದ್ದಿದ್ದರೆ ಆ ಕ್ಷಣವೇ ಬ್ಯಾಟರಿ, ಕಾರ್ಡ್ ತೆಗೆಯಿರಿ. 'ಆನ್ ಆಗುತ್ತದೆಯೇ ನೋಡೋಣ' ಎಂದು ಗುಂಡಿ ಒತ್ತುವುದೇ ಅದನ್ನು ಮುಗಿಸುತ್ತದೆ. ಅಕ್ಕಿಯಲ್ಲಿ ಹೂಳುವುದರಿಂದ ಉಪ್ಪು ಹೋಗುವುದಿಲ್ಲ, ಹಿಟ್ಟಿನ ದೂಳು ಒಳಸೇರುತ್ತದೆ.

ಬೆಳಕು ಕೈಕೊಟ್ಟ ಚಿತ್ರಗಳು

ಬಿಳಿ ಮರಳು ಬೂದಾಗಿ, ಮನೆಯವರ ಮುಖ ಕಪ್ಪಾಗಿ ಬಂದಿದ್ದರೆ ಬೆಳಕಿನ ಮಾಪಕ ಮೋಸಹೋಗಿದೆ. ಅದು ಎದುರಿನ ದೃಶ್ಯವನ್ನು ಸರಾಸರಿ ಬೂದು ಎಂದು ಎಣಿಸಿ, ಅಷ್ಟು ಹೊಳಪು ತಪ್ಪೆಂದುಕೊಂಡು ತಗ್ಗಿಸುತ್ತದೆ. ತೆಗೆಯುವಾಗಲೇ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಹೊಳಪನ್ನು ಏರಿಸಿ ಇಳಿಸುವ ಸೆಟ್ಟಿಂಗ್) +0.7ರಿಂದ +1.3ರ ತನಕ ಏರಿಸಬೇಕು. ತೆಗೆದಾಗಿದ್ದರೆ ಎಡಿಟಿಂಗ್‌ನಲ್ಲಿ ಶ್ಯಾಡೋಸ್ (ನೆರಳಿನ ಭಾಗ) ಎತ್ತಿ ಮುಖವನ್ನು ತರಬಹುದು. ತದ್ವಿರುದ್ಧವಾಗಿ ಮೋಡವೆಲ್ಲ ಸುಟ್ಟ ಬಿಳಿಯಾಗಿದ್ದರೆ ಜೆಪೆಗ್‌ನಲ್ಲಿ ಮರಳಿಸಲಾಗದು. ಮುಖಕ್ಕೆ ಫ್ಲ್ಯಾಶ್ ಹಾಕಿದ ಚಿತ್ರದಲ್ಲಿ ಒಂದು ಬದಿ ಅಡ್ಡಲಾಗಿ ಕಪ್ಪು ಪಟ್ಟಿ ಬಿದ್ದಿದ್ದರೆ ಶಟರ್ ವೇಗ ಫ್ಲ್ಯಾಶ್‌ನ ಸಿಂಕ್ ಮಿತಿಯನ್ನು, ಸಾಮಾನ್ಯವಾಗಿ ಸೆಕೆಂಡಿನ 200ನೇ ಒಂದು ಭಾಗದ ಆಸುಪಾಸನ್ನು, ದಾಟಿದೆ.

ಆಕಾಶದ ಒಂದು ತುಂಡು ಮಾತ್ರ ಕಡುನೀಲಿಯಾಗಿದ್ದರೆ ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಹಾಕಿ ತೀರ ಅಗಲದ ಲೆನ್ಸ್‌ನಲ್ಲಿ ತೆಗೆದಿದ್ದೀರಿ. ಅದೇ ಪೋಲರೈಸರ್ ವಿಮಾನದ ಪ್ಲಾಸ್ಟಿಕ್ ಕಿಟಕಿಯ ಮೂಲಕ ಕಾಮನಬಿಲ್ಲಿನ ಪಟ್ಟೆ ಮೂಡಿಸುತ್ತದೆ. ಬಿಚ್ಚುವುದೇ ಮದ್ದು.

ಸೂರ್ಯಾಸ್ತದ ಚಿತ್ರಗಳೆಲ್ಲ ಕತ್ತಲಾಗಿ, ಕಾಳುಕಾಳಾಗಿ ಬಂದಿದ್ದರೆ ಹೊತ್ತು ತಪ್ಪಿದೆ. ಅಂಡಮಾನ್ ಕೂಡ ಭಾರತೀಯ ಸಮಯವನ್ನೇ ಪಾಲಿಸುತ್ತದೆ, ಆದರೆ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿರುವುದರಿಂದ ಅಲ್ಲಿ ಸೂರ್ಯ ಗಡಿಯಾರದಲ್ಲಿ ಒಂದು ಗಂಟೆ ಮುಂದಿರುತ್ತಾನೆ. ನವೆಂಬರ್ ಕೊನೆಗೆ ಸಂಜೆ 5ಕ್ಕೆಲ್ಲ ಮುಳುಗಿರುತ್ತಾನೆ. ಊರಿನ ರೂಢಿಯಂತೆ ಐದೂವರೆಗೆ ರಾಧಾನಗರಕ್ಕೆ ಹೋದವರಿಗೆ ಸಿಗುವುದು ಉಳಿದ ಕೆಂಪು ಮಾತ್ರ. ನೀರೊಳಗಿನ ಚಿತ್ರಗಳಿಗೂ ನೆತ್ತಿಯ ಸೂರ್ಯ 11ರ ಆಸುಪಾಸಿನಲ್ಲೇ ಇರುವುದರಿಂದ ಬೆಳಗಿನ ಒಂಬತ್ತೂವರೆಯಿಂದ ಮಧ್ಯಾಹ್ನ ಒಂದರೊಳಗೆ ಇಳಿಯುವುದು ಮೇಲು.

ಆಲ್ಬಮ್‌ನಲ್ಲಿ ಚಿತ್ರಗಳ ಸಾಲು ತಪ್ಪಿದೆ

ಫೋನು, ಕ್ಯಾಮೆರಾ, ಗೋಪ್ರೊ ಮೂರರ ಚಿತ್ರಗಳನ್ನು ಒಂದೆಡೆ ಹಾಕಿದಾಗ ಊಟಕ್ಕಿಂತ ಮುಂಚೆ ಸೂರ್ಯಾಸ್ತ ಬಂದರೆ ಯಾವುದೋ ಗಡಿಯಾರ ತಪ್ಪಿದೆ. ಫೋನ್ ಜಾಲದಿಂದ ಸಮಯ ಪಡೆಯುತ್ತದೆ, ಕ್ಯಾಮೆರಾ ಪಡೆಯುವುದಿಲ್ಲ. ಬ್ಯಾಟರಿ ಬಹುಕಾಲ ಖಾಲಿ ಇದ್ದರೆ ಅದರ ದಿನಾಂಕವೇ ಮೊದಲಿಗೆ ಹೋಗಿರುತ್ತದೆ. ಹಿಂದಿನ ವಿದೇಶ ಪ್ರವಾಸದ ಸಮಯ ಹಾಗೇ ಉಳಿದಿದ್ದರೂ ಅಂತರ ಬರುತ್ತದೆ. ಬಾಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಮಾಲ್ಡೀವ್ಸ್‌ನದು ಅರ್ಧ ಗಂಟೆ ಹಿಂದೆ. ಈಗ ಕ್ಯಾಮೆರಾದಿಂದ ಫೋನಿನ ಗಡಿಯಾರದ ಒಂದು ಫೋಟೊ ತೆಗೆದು, ಚಿತ್ರದೊಳಗೆ ಕಾಣುವ ಸಮಯಕ್ಕೂ ಫೈಲಿನಲ್ಲಿ ದಾಖಲಾದ ಸಮಯಕ್ಕೂ ಇರುವ ವ್ಯತ್ಯಾಸ ಲೆಕ್ಕ ಹಾಕಿ. ಅದನ್ನು ಎಕ್ಸಿಫ್‌ಟೂಲ್ ಅಥವಾ ಲೈಟ್‌ರೂಮ್‌ನಲ್ಲಿ ಆ ಕ್ಯಾಮೆರಾದ ಎಲ್ಲ ಚಿತ್ರಗಳಿಗೂ ಒಟ್ಟಿಗೆ ಕೂಡಿಸಿ ಅಥವಾ ಕಳೆಯಿರಿ. ನಡುವೆ ಗಡಿಯಾರ ಸರಿಪಡಿಸಿದ್ದರೆ ರಾಧಾನಗರದ ಸೂರ್ಯ ಮುಳುಗುವ ಚಿತ್ರವನ್ನೇ ಗುರುತಾಗಿ ಇಟ್ಟುಕೊಳ್ಳಬಹುದು, ಆ ದಿನದ ಅಸ್ತಮಾನದ ಹೊತ್ತು ಪಂಚಾಂಗ ತಂತ್ರಾಂಶಗಳಲ್ಲಿ ಸಿಗುತ್ತದೆ.

ವಾರಗಳ ನಂತರ ಕಾಣುವ ಬೂಷ್ಟು

ಮನೆಗೆ ಬಂದ ಮೇಲೆ ತೆಗೆದ ಚಿತ್ರಗಳಲ್ಲೂ ಮೆಲ್ಲಗೆ ಕಾಂತಿ ಇಳಿಯುತ್ತಿದ್ದರೆ ಲೆನ್ಸ್ ಬಿಚ್ಚಿ, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಹಾಯಿಸಿ ಮುಂದಿನಿಂದ ಓರೆಯಾಗಿ ನೋಡಿ. ದೂಳು ಚುಕ್ಕೆಯಾಗಿ ಕಾಣುತ್ತದೆ, ಬೂಷ್ಟು ಕವಲೊಡೆದ ಎಳೆಗಳಾಗಿ. ತೇವಾಂಶ 65 ಶೇಕಡಾ ಮೀರಿ, ಕತ್ತಲಲ್ಲಿ, ಗಾಳಿಯಾಡದೆ ಇಟ್ಟ ಗಾಜಿನಲ್ಲಿ ಅದು ಬೆಳೆಯುತ್ತದೆ. ದ್ವೀಪದ ತೇವವನ್ನು ಹೊತ್ತುತಂದ ಚೀಲವನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ಮಂಗಳೂರು, ಉಡುಪಿ, ಕಾರವಾರ, ಮಲೆನಾಡಿನ ಮನೆಯ ಬೀರುವಿನಲ್ಲಿಟ್ಟರೆ ಇನ್ನೇನು ಬೇಕು. ಎಳೆಗಳು ಅಂಚಿನಲ್ಲಿ ಮಾತ್ರ ಇದ್ದರೆ ಚಿತ್ರದಲ್ಲಿ ವ್ಯತ್ಯಾಸ ಕಾಣದು, ಆದರೆ ತಡ ಮಾಡಿದಷ್ಟೂ ಅದು ಒಸರುವ ಆಮ್ಲ ಗಾಜಿನ ಲೇಪನವನ್ನು ತಿನ್ನುತ್ತದೆ. ಆಗ ಸ್ವಚ್ಛಗೊಳಿಸಿದರೂ ಗುರುತು ಉಳಿಯುತ್ತದೆ. ಬಿಸಿಲಿಗಿಟ್ಟರೆ ಬೂಷ್ಟು ಗಾಜಿನಿಂದ ಬಿಟ್ಟುಹೋಗುವುದಿಲ್ಲ, ಬಿಸಿಗೆ ಒಳಗಿನ ಗ್ರೀಸ್ ಹರಿಯುವ ಅಪಾಯ ಬೇರೆ. ಆ ಲೆನ್ಸನ್ನು ಉಳಿದವುಗಳಿಂದ ಬೇರೆ ಇಟ್ಟು, ಬೇಗ ಸರ್ವಿಸ್‌ಗೆ ಕೊಡಿ.

ತಡೆಯಲು ದುಬಾರಿ ಡ್ರೈ ಕ್ಯಾಬಿನೆಟ್ಟೇ ಬೇಕೆಂದಿಲ್ಲ. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ 200 ಗ್ರಾಂ ಸಿಲಿಕಾ ಜೆಲ್, ಒಂದು ಪುಟ್ಟ ತೇವಾಂಶ ಮಾಪಕ. ಮುಳ್ಳು 40ರಿಂದ 50ರ ನಡುವೆ ಇರಲಿ. 30ಕ್ಕಿಂತ ಕೆಳಗಿಳಿದರೆ ರಬ್ಬರ್ ಮತ್ತು ಗ್ರೀಸ್ ಒಣಗುತ್ತವೆ, ಜೆಲ್ ಸ್ವಲ್ಪ ತೆಗೆಯಿರಿ. ಕಿತ್ತಳೆ ಜೆಲ್ ಹಸಿರಾದಾಗ, ನೀಲಿ ಜೆಲ್ ಗುಲಾಬಿಯಾದಾಗ, ಓವನ್‌ನಲ್ಲಿ ಸುಮಾರು 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ನೀಲಿ ಬಣ್ಣಕ್ಕೆ ಹಾಕುವ ಕೋಬಾಲ್ಟ್ ಕ್ಲೋರೈಡ್ ವಿಷಕಾರಿಯಾದ್ದರಿಂದ ಕಿತ್ತಳೆಯದನ್ನೇ ಆರಿಸಿ, ಅಡುಗೆಯ ಪಾತ್ರೆಯಲ್ಲಿ ಕಾಯಿಸಬೇಡಿ. ಚರ್ಮದ ಚೀಲದಲ್ಲಿ ಲೆನ್ಸ್ ಇಡಬೇಡಿ, ಚರ್ಮವೇ ತೇವ ಹಿಡಿಯುತ್ತದೆ. ನುಸಿಗುಳಿಗೆಯೂ ಬೇಡ, ಅದರ ಆವಿ ಗಾಜಿನ ಮೇಲೆ ಪೊರೆಯಾಗಿ ಕೂರುತ್ತದೆ.

ಸರ್ವಿಸ್‌ಗೆ ಕೊಡುವಾಗ ಕಾರ್ಡ್ ತೆಗೆದಿಟ್ಟುಕೊಂಡು, ಎಫ್ 22ರ ಆಕಾಶದ ಚಿತ್ರ ಒಂದನ್ನೂ, ಅಪರ್ಚರ್ ಪೂರ್ತಿ ತೆರೆದು ದೀಪಕ್ಕೆ ಎದುರಾಗಿ ತೆಗೆದ ಚಿತ್ರ ಒಂದನ್ನೂ ಜೊತೆಗೆ ಕೊಡಿ. ಸಮುದ್ರದ ನೀರು ತಾಗಿದ್ದರೆ ಮುಚ್ಚಿಡಬೇಡಿ. ಉಪ್ಪು ತಾಗಿದ್ದು ಗೊತ್ತಿದ್ದರೆ ತಂತ್ರಜ್ಞರು ಮೊದಲು ಸರ್ಕ್ಯೂಟ್ ತೊಳೆಯುತ್ತಾರೆ, ಗೊತ್ತಿಲ್ಲದಿದ್ದರೆ ಮೊದಲು ವಿದ್ಯುತ್ ಕೊಟ್ಟು ನೋಡುತ್ತಾರೆ. ಮರಳಿ ಪಡೆಯುವಾಗ ಅಂಗಡಿಯಲ್ಲೇ ಅದೇ ಎರಡು ಚಿತ್ರ ಮತ್ತೆ ತೆಗೆದು, ಹಳೆಯದರ ಪಕ್ಕದಲ್ಲಿಟ್ಟು ನೋಡಿದ ಮೇಲೆ ಹಣ ಕೊಡಿ.